ಅಪ್‌ಡೇಟ್: ‘ಪೋತದಾರ’ ಅಡ್ಡಹೆಸರಿನ ಮೂಲ

ಧಾರವಾಡ ಕಡೆಯ ನಮ್ಮ ಮನೆತನಕ್ಕೆ ‘ಪೋತದಾರ’ ಅನ್ನೋ ಅಡ್ಡಹೆಸರು ಹೇಗೆ ಬಂತು ಅಂತ ಕೇಳಿದ್ದೆ. ಬ್ರಾಹ್ಮಣರಲ್ಲೂ ಅಕ್ಕಸಾಲಿಗರಲ್ಲೂ ಪೋತದಾರರು ಇದ್ದಾರಲ್ಲ, ಎಲ್ಲರೂ ಒಂದೇ ಮೂಲದವರಾ ಅನ್ನೋದೂ ನನ್ನ ಪ್ರಶ್ನೆಯಾಗಿತ್ತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಆಮೇಲೆ ಓದಿ ತಿಳಿದದ್ದನ್ನು ಹೇಳುತ್ತೇನೆ.

ಇದು ಕುಲದ ಹೆಸರಲ್ಲ, ಕೆಲಸದ ಹೆಸರು. ಫಾರಸಿಯ ‘ಫೋತಾದಾರ್’ನಿಂದ ಬಂದದ್ದು. ‘ಫೋತಾ’ ಅಂದರೆ ಹಣದ ಚೀಲ. ಕುಲಕರ್ಣಿ, ದೇಶಪಾಂಡೆ ಇದ್ದ ಹಾಗೆ ಇದೂ ಒಂದು ಹುದ್ದೆ.

ಪೋತದಾರ ಸುಮ್ನೆ ಹಣ ಎಣಿಸುವವನಲ್ಲ. ಮರಾಠರ ಕಾಲದಲ್ಲಿ ಚಲಾವಣೆಯಲ್ಲಿ ಇದ್ದದ್ದು ಒಂದೇ ನಾಣ್ಯ ಅಲ್ಲ. ಹೊನ್ನು, ಬೇರೆ ಬೇರೆ ಟಂಕಸಾಲೆಗಳ ರೂಪಾಯಿ, ಎಲ್ಲವೂ ಓಡುತ್ತಿದ್ದವು. ತೂಕ ಬೇರೆ, ಬೆಳ್ಳಿಯ ಶುದ್ಧತೆ ಬೇರೆ. ರೈತ ಕಂದಾಯ ತಂದರೆ ಒಂದೊಂದನ್ನೂ ತೂಗಿ, ಒರೆಗಲ್ಲಿಗೆ ತಿಕ್ಕಿ, ಸವೆದ ನಾಣ್ಯಕ್ಕೆ ಬಟ್ಟಾ (ಬೆಲೆಯಲ್ಲಿ ಕಡಿತ) ಕಳೆಯಬೇಕಿತ್ತು. ಈ ಪರೀಕ್ಷೆ ಅಕ್ಕಸಾಲಿಗನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾಗಿ ಹಳ್ಳಿಗಳಲ್ಲಿ ಈ ಕೆಲಸ ಜಾಸ್ತಿ ಅವರದೇ. ಖಜಾನೆಯ ಲೆಕ್ಕ ನೋಡಿದ ಬ್ರಾಹ್ಮಣರಿಗೂ ಇದೇ ಹೆಸರು ಅಂಟಿತು. ಅಡ್ಡಹೆಸರು ಒಂದೇ ಇದ್ದ ಮಾತ್ರಕ್ಕೆ ಸಂಬಂಧಿಕರು ಅನ್ನುವಂತಿಲ್ಲ.

1818ರಲ್ಲಿ ಪೇಶ್ವೆ ಆಡಳಿತ ಮುಗಿಯಿತು. 1835ರಲ್ಲಿ ಕಂಪನಿ ಸರ್ಕಾರ ಎಲ್ಲೆಡೆಗೂ ಒಂದೇ ತೂಕದ ರೂಪಾಯಿ ತಂದಿತು. ನಾಣ್ಯ ಪರೀಕ್ಷಿಸುವ ಕೆಲಸ ಕ್ರಮೇಣ ಹೋಯಿತು, ಹೆಸರು ನಮ್ಮ ಹತ್ತಿರ ಉಳಿಯಿತು. ನನಗಂತೂ ಇದು ಹೆಮ್ಮೆಯ ವಿಷಯ.

ಮನೆಯಲ್ಲಿ ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿ) ಕಾಗದ ಇರುವ ಪೋತದಾರರು ದಯವಿಟ್ಟು ಎಸೆಯಬೇಡಿ, ಓದಬಲ್ಲವರಿಗೆ ತೋರಿಸಿ.