ಮಾಹಿತಿ ಹಕ್ಕು ಮುಗಿಯಿತೇ? ಮನೆಮಂದಿಯ ಗುಂಪಿನಲ್ಲಿ ನಡೆದ ಚರ್ಚೆ

ಅಣ್ಣ, ಬೀಳಗಿ (ಫಾರ್ವರ್ಡ್ ಮಾಡಿದ ಸಂದೇಶ):
"ಎಲ್ಲರ ಗಮನಕ್ಕೆ. ಮಾಹಿತಿ ಹಕ್ಕು ಕಾಯ್ದೆ ಮುಗಿಯಿತು. ಇನ್ನು ಮುಂದೆ ವ್ಯಕ್ತಿಯ ಹೆಸರಿರುವ ಯಾವ ದಾಖಲೆಯನ್ನೂ ಸರ್ಕಾರಿ ಕಚೇರಿಗಳು ಕೊಡುವುದಿಲ್ಲ. ಅರ್ಜಿ ಹಾಕಿ ಸಮಯ ಹಾಳು ಮಾಡಿಕೊಳ್ಳಬೇಡಿ. ಎಲ್ಲರಿಗೂ ಕಳುಹಿಸಿ."

ಅಣ್ಣ, ಬೀಳಗಿ:
ಇದನ್ನು ಓದಿದ ಮೇಲೆ ಅಪ್ಪನ ಪುನರ್ವಸತಿ ನಿವೇಶನದ ಹಕ್ಕುಪತ್ರಕ್ಕಾಗಿ ಇನ್ನೊಂದು ಅರ್ಜಿ ಹಾಕುವ ವಿಚಾರವನ್ನು ಕೈಬಿಡುವುದೇ ಒಳ್ಳೆಯದು ಎಂದು ನನಗೆ ಅನಿಸುತ್ತಿದೆ.

ಅಕ್ಕ, ನವನಗರ:
ಅಣ್ಣ, ಈ ಸಂದೇಶದಲ್ಲಿ ಒಂದೆಳೆ ನಿಜವಿದೆ, ಅದಕ್ಕೇ ಜನ ಇದನ್ನು ನಂಬುತ್ತಿದ್ದಾರೆ. 2005ರ ಕಾಯ್ದೆಯ 8(1)(ಜೆ) ಕಲಮಿನ ಪ್ರಕಾರ ಒಬ್ಬರ ವೈಯಕ್ತಿಕ ಮಾಹಿತಿಯನ್ನು ಕೊಡುವುದಿಲ್ಲ ಎನ್ನಬೇಕಾದರೆ, ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ ಎಂದೋ, ಕೊಟ್ಟರೆ ಆ ವ್ಯಕ್ತಿಯ ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯಾಗುತ್ತದೆ ಎಂದೋ ಅಧಿಕಾರಿ ತೋರಿಸಬೇಕಾಗಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಆ ಷರತ್ತುಗಳನ್ನು ಅಳಿಸಿ, ವೈಯಕ್ತಿಕ ಮಾಹಿತಿ ಎಂಬಷ್ಟನ್ನೇ ಉಳಿಸಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಇದು ದೊಡ್ಡ ನಷ್ಟ, ಇದನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ. ಆದರೆ ಸಾರ್ವಜನಿಕ ಹಿತವು ಆಗಬಹುದಾದ ಹಾನಿಗಿಂತ ಹೆಚ್ಚಿನದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ 8(2) ಕಲಂ ಹಾಗೆಯೇ ಇದೆ. ಅದಕ್ಕಿಂತ ಮುಖ್ಯವಾಗಿ, ನಾವು ಕೇಳುವುದು ಅಪ್ಪನದೇ ಕಡತ. ಅರ್ಜಿ ಅಪ್ಪನ ಹೆಸರಿನಲ್ಲಿ, ಅಪ್ಪನ ಸಹಿಯೊಂದಿಗೆ ಹೋದರೆ ಅಪ್ಪನ ಖಾಸಗಿತನವನ್ನು ಯಾರಿಂದ ಕಾಪಾಡಬೇಕು?

ಅಣ್ಣ, ಬೀಳಗಿ:
ಹೋದ ವರ್ಷ ನಾನು ಹಾಕಿದ ಅರ್ಜಿಗೆ ಬಂದ ಹಿಂಬರಹವನ್ನು ನೀನೂ ನೋಡಿದ್ದೀಯ. "ತಾವು ಕೋರಿರುವುದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ" ಎಂಬ ಒಂದೇ ಸಾಲು, ಕೆಳಗೆ ಒಂದು ಸಹಿ. ಆಗ ಯಾವ ತಿದ್ದುಪಡಿಯೂ ಜಾರಿಯಾಗಿರಲಿಲ್ಲ.

ಅಕ್ಕ, ನವನಗರ:
ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ಅರ್ಜಿಯಲ್ಲಿದ್ದ ಮೂರೂ ವಾಕ್ಯಗಳು ಪ್ರಶ್ನೆಗಳಾಗಿದ್ದವು: ಏಕೆ ತಡವಾಗಿದೆ, ಯಾರು ಹೊಣೆ, ಯಾವಾಗ ಕೊಡುತ್ತೀರಿ. ಕಾಯ್ದೆಯ 2(ಎಫ್) ಕಲಂ ಹೇಳುವ ಮಾಹಿತಿ ಎಂದರೆ ದಾಖಲೆ, ಟಿಪ್ಪಣಿ, ಪತ್ರ, ಆದೇಶ, ವರದಿ, ಹೀಗೆ ಯಾವುದೋ ರೂಪದಲ್ಲಿ ಕಚೇರಿಯಲ್ಲಿ ಈಗಾಗಲೇ ಇರುವಂಥದ್ದು. ಇಲ್ಲದ ವಿವರಣೆಯನ್ನು ಹೊಸದಾಗಿ ಬರೆದು ಕೊಡುವ ಹೊಣೆ ಮಾಹಿತಿ ಅಧಿಕಾರಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ, ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ, ಹೇಳಿಬಿಟ್ಟಿದೆ.

ನಮ್ಮ ಮಾವನವರ ಮುಳುಗಡೆ ಜಮೀನಿನ ವಿಷಯದಲ್ಲಿ ನಾನೂ ಮೊದಲು ಇದೇ ತಪ್ಪನ್ನು ಮಾಡಿದ್ದೆ. ಎರಡನೆಯ ಸಲ "ಏಕೆ" ಎಂಬ ಶಬ್ದವನ್ನೇ ಬಿಟ್ಟು, ಐತೀರ್ಪಿನ (ಜಮೀನಿನ ಪರಿಹಾರ ನಿಗದಿ ಮಾಡಿದ ಆದೇಶದ) ದೃಢೀಕೃತ ಪ್ರತಿ, ಕಡತದ ಮೊದಲ ಪುಟದಿಂದ ಕೊನೆಯವರೆಗಿನ ಟಿಪ್ಪಣಿ ಹಾಳೆಗಳು, ಮತ್ತು ಕಡತವನ್ನು ಕುಳಿತು ನೋಡಲು ಒಂದು ದಿನ, ಇಷ್ಟನ್ನು ಕೇಳಿದೆ. ಕಡತ ಪರಿಶೀಲನೆಯೂ ಹಕ್ಕೇ, 2(ಜೆ) ಕಲಮಿನಲ್ಲಿದೆ. ಕಟ್ಟಿದ ದಾರ ಸಡಿಲಾಗಿ ಹಾಳೆಗಳ ಅಂಚು ಮುರಿದಿದ್ದ ಆ ಕಡತವನ್ನು ನನ್ನ ಮುಂದೆ ಇಟ್ಟರು. ಹದಿನಾಲ್ಕನೆಯ ಟಿಪ್ಪಣಿ ಹಾಳೆಯಲ್ಲಿ ಹಿಸ್ಸಾ ಸಂಖ್ಯೆ, ಅಂದರೆ ಸರ್ವೆ ನಂಬರಿನೊಳಗಿನ ಪಾಲಿನ ಸಂಖ್ಯೆ, 2ರ ಬದಲು 3 ಎಂದು ಬಿದ್ದಿತ್ತು. ಅದರ ಪಕ್ಕದಲ್ಲಿ ಯಾರೋ ಪೆನ್ಸಿಲ್ಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಅಳತೆ ವರದಿ ಬಂದ ನಂತರ ಮಂಡಿಸಿ" ಎಂದು ಬರೆದಿದ್ದರು. ಆ ಅಳತೆ ವರದಿ ಎಂದೋ ಬಂದು ಬೇರೆ ಕಡತದಲ್ಲಿ ಸೇರಿಕೊಂಡಿತ್ತು. ಏಕೆ ತಡವಾಯಿತು ಎಂದು ನಾನು ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ, ಏಕೆಂದರೆ ಅಲ್ಲಿ ಕುಳಿತವರಿಗೂ ಅದು ತಿಳಿದಿರಲಿಲ್ಲ. ಆ ಹಾಳೆ ಮಾತ್ರ ಹೇಳಿತು.

ಕಾಕಾ, ಜಮಖಂಡಿ:
ದಾಖಲೆ ಕೋಣೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನಾಗಿ ಒಂದು ಮಾತು ಹೇಳಬೇಕು. ಅರ್ಜಿದಾರರಲ್ಲಿಯೂ ತಪ್ಪಿದೆ. "ಹತ್ತು ವರ್ಷಗಳ ಎಲ್ಲ ಕಡತಗಳ ಪ್ರತಿ" ಎಂದು ಬರೆದವರನ್ನು ನಾನು ಕಂಡಿದ್ದೇನೆ. ಅಂಥ ಒಂದು ಅರ್ಜಿ ಬಂದರೆ ಆ ವಾರ ಪಹಣಿಗೆಂದು ಹಳ್ಳಿಯಿಂದ ಬಂದವರು ಬರಿಗೈಯಲ್ಲಿ ಹೋಗುತ್ತಾರೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಶಬ್ದಗಳ ಒಳಗೆ ಎಂದು ನಮ್ಮ ರಾಜ್ಯದ ನಿಯಮಗಳಿಗೆ 2008ರಲ್ಲಿ ತಿದ್ದುಪಡಿ ತಂದದ್ದು ಇದಕ್ಕಾಗಿಯೇ.

ಅಕ್ಕ, ನವನಗರ:
ಕಾಕಾ, ನಿಮ್ಮ ಕಷ್ಟವನ್ನು ನಾನು ಒಪ್ಪುತ್ತೇನೆ, ಆದರೆ ಅದರ ಬೇರು ಅರ್ಜಿದಾರರಲ್ಲಿ ಇಲ್ಲ. ಸಹಾಯಧನದ ಫಲಾನುಭವಿಗಳ ವಿವರ, ಕಚೇರಿಯ ಆಯವ್ಯಯ, ಯಾವ ಅಧಿಕಾರಿಗೆ ಯಾವ ಕೆಲಸ ಎಂಬುದನ್ನೆಲ್ಲ ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು 4(1)(ಬಿ) ಕಲಂ 2005ರಿಂದ ಹೇಳುತ್ತಿದೆ. ಅದನ್ನು ವರ್ಷವರ್ಷವೂ ಸರಿಯಾಗಿ ಮಾಡಿದ್ದರೆ ನಿಮ್ಮ ಮೇಜಿಗೆ ಬಂದ ಅರ್ಜಿಗಳಲ್ಲಿ ಎಷ್ಟೋ ಬರುತ್ತಲೇ ಇರಲಿಲ್ಲ.

ಕಾಕಾ, ಜಮಖಂಡಿ:
ಅದು ನಿಜ. ನಾನಿದ್ದಾಗ ಆ ಪಟ್ಟಿಯನ್ನು ಒಮ್ಮೆ ಟೈಪು ಮಾಡಿಸಿದ್ದೆವು, ಆಮೇಲೆ ದಿನಾಂಕ ಮಾತ್ರ ಬದಲಾಗುತ್ತಿತ್ತು.

ಸಣ್ಣತ್ತೆ, ಮುಧೋಳ:
ಅಧಿಕಾರಿಗಳನ್ನು ಎದುರು ಹಾಕಿಕೊಂಡರೆ ಈ ವಯಸ್ಸಿನಲ್ಲಿ ನಿಮ್ಮ ಅಪ್ಪನಿಗೆ ತೊಂದರೆಯಾಗುವುದಿಲ್ಲವೇ? ಏತಕ್ಕೆ ಬೇಕು ಎಂದು ಕೇಳಿದರೆ ಏನು ಹೇಳುವುದು?

ಅಕ್ಕ, ನವನಗರ:
ಅತ್ತೆ, ಏತಕ್ಕೆ ಬೇಕೆಂದು ಕೇಳುವ ಅಧಿಕಾರವೇ ಅವರಿಗಿಲ್ಲ. ಸಂಪರ್ಕಕ್ಕೆ ಬೇಕಾದ ವಿಳಾಸದ ಹೊರತು ಬೇರೇನನ್ನೂ ಕೇಳುವಂತಿಲ್ಲ ಎಂದು 6(2) ಕಲಂ ಸ್ಪಷ್ಟವಾಗಿ ಹೇಳುತ್ತದೆ. ಅರ್ಜಿ ಕನ್ನಡದಲ್ಲೇ ಇರಬಹುದು, ಶುಲ್ಕ ಹತ್ತು ರೂಪಾಯಿ, ಪ್ರತಿಗಳಿಗೆ ಪುಟಕ್ಕೆ ಎರಡು ರೂಪಾಯಿ. ಬೇರೆಯವರ ಅಕ್ರಮವನ್ನು ಕೇಳಿದವರ ಮೇಲೆ ಹಲ್ಲೆಗಳಾಗಿವೆ, ನಿಮ್ಮ ಭಯ ಸುಳ್ಳಲ್ಲ. ಆದರೆ ನಾವು ಕೇಳುತ್ತಿರುವುದು ನಮ್ಮ ಮನೆಯ ಕಾಗದವನ್ನು.

ತಮ್ಮ, ಹುನಗುಂದ:
ಇದೇ ರೀತಿ ನಮ್ಮೂರಿನ ಪತ್ತಿನ ಸಂಘದ ಸಾಲದ ಲೆಕ್ಕವನ್ನೂ ಕೇಳಬಹುದೇ?

ಅಕ್ಕ, ನವನಗರ:
ನೇರವಾಗಿ ಆಗದು. ಸರ್ಕಾರದ ಗಣನೀಯ ಹಣಕಾಸು ಅಥವಾ ನಿಯಂತ್ರಣ ಇಲ್ಲದ ಸಹಕಾರ ಸಂಘಗಳು ಸಾರ್ವಜನಿಕ ಪ್ರಾಧಿಕಾರವಲ್ಲವೆಂದು 2013ರಲ್ಲಿ ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿದೆ. ಆದರೆ ಸಹಕಾರ ಇಲಾಖೆಯ ನಿಬಂಧಕರು ಕಾನೂನಿನ ಪ್ರಕಾರ ಸಂಘದಿಂದ ಪಡೆಯಬಹುದಾದ ದಾಖಲೆಗಳನ್ನು ಅವರ ಮೂಲಕ ಕೇಳಬಹುದು.

ಅಣ್ಣ, ಬೀಳಗಿ:
ಸರಿ, ಹೀಗೆ ಬರೆಯಲೇ? "ನನ್ನ ಹೆಸರಿನ ಪುನರ್ವಸತಿ ನಿವೇಶನ ಹಂಚಿಕೆ ಕಡತದಲ್ಲಿರುವ ಎಲ್ಲ ಟಿಪ್ಪಣಿ ಹಾಳೆಗಳ ಹಾಗೂ ಪತ್ರವ್ಯವಹಾರದ ದೃಢೀಕೃತ ಪ್ರತಿಗಳನ್ನು ಕೊಡಬೇಕು ಮತ್ತು ಹಕ್ಕುಪತ್ರ ಯಾವಾಗ ಸಿಗುವುದೆಂದು ತಿಳಿಸಬೇಕು."

ಅಕ್ಕ, ನವನಗರ:
"ಮತ್ತು" ಎಂಬಲ್ಲಿಂದ ಮುಂದಿನದನ್ನು ತೆಗೆದುಬಿಡು. ಅದರ ಬದಲು, "ಕಡತವು ಈಗ ಯಾವ ಅಧಿಕಾರಿಯ ಬಳಿ, ಯಾವ ದಿನಾಂಕದಿಂದ ಇದೆ ಎಂಬುದನ್ನು ತೋರಿಸುವ ಚಲನವಲನ ವಹಿಯ ಪುಟದ ಪ್ರತಿ" ಎಂದು ಸೇರಿಸು. ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ ನಿರಾಕರಿಸಿದಂತೆಯೇ ಲೆಕ್ಕ. ಮುಂದಿನ ಮೂವತ್ತು ದಿನಗಳೊಳಗೆ ಮಾಹಿತಿ ಅಧಿಕಾರಿಗಿಂತ ಮೇಲಿನ ದರ್ಜೆಯ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕೋಣ. ಅಲ್ಲಿಯೂ ಆಗದಿದ್ದರೆ ತೊಂಬತ್ತು ದಿನಗಳ ಒಳಗೆ ಮಾಹಿತಿ ಆಯೋಗ, ಅದರ ಪೀಠ ಬೆಳಗಾವಿಯಲ್ಲೇ ಇದೆ. ನಿರಾಕರಣೆ ಸರಿಯಾಗಿತ್ತೆಂದು ಅಲ್ಲಿ ಸಾಬೀತು ಮಾಡಬೇಕಾದವರು ಮಾಹಿತಿ ಅಧಿಕಾರಿ. ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗಿನ ದಂಡ ಬೀಳುವುದೂ ಮಾಹಿತಿ ಅಧಿಕಾರಿಯ ಮೇಲೆಯೇ.

ಕಾಕಾ, ಜಮಖಂಡಿ:
ಪುಟಗಳ ಹಣ ಕಟ್ಟಿರೆಂದು ಪತ್ರ ಬಂದರೆ ತಡಮಾಡಬೇಡಿ. ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ಅವಧಿ ಮೂವತ್ತರ ಲೆಕ್ಕಕ್ಕೆ ಬರುವುದಿಲ್ಲ. ಅವಧಿ ಮೀರಿದ ಮೇಲೆ ಅಂಥ ಪತ್ರ ಬಂದರೆ ಹಣ ಕಟ್ಟುವ ಅಗತ್ಯವಿಲ್ಲ, ಉಚಿತವಾಗಿಯೇ ಕೊಡಬೇಕು. ಅರ್ಜಿಯನ್ನು ಎರಡು ಪ್ರತಿ ಮಾಡಿ, ಟಪಾಲು ಶಾಖೆಯಲ್ಲಿ ಎರಡನೆಯ ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಅಣ್ಣ, ಬೀಳಗಿ:
ನಾಳೆ ಅಪ್ಪನಿಂದ ಸಹಿ ಹಾಕಿಸುತ್ತೇನೆ, ಸೋಮವಾರ ನಾನೇ ಹೋಗಿ ಕೊಟ್ಟು ಬರುತ್ತೇನೆ. ಮೇಲಿನ ಆ ಸಂದೇಶವನ್ನು ಈಗಲೇ ಅಳಿಸುತ್ತಿದ್ದೇನೆ. ಯಾರಾದರೂ ಮುಂದಕ್ಕೆ ಕಳುಹಿಸಿದ್ದರೆ ಅವರೂ ಅಳಿಸಿಬಿಡಿ.