ಸಿಆರ್‌ಟಿ ಅಳವಡಿಸುವ ಮುನ್ನ ಹೃದಯದ ಅಭಿಧಮನಿಗಳ ಸಿಟಿ ಸ್ಕ್ಯಾನ್ ಅಗತ್ಯವೇ?

ಪ್ರಶ್ನೆ

ನಮ್ಮ ತಂದೆಯವರಿಗೆ 67 ವರ್ಷ, ಹಿಂದೊಮ್ಮೆ ಹೃದಯಾಘಾತವಾಗಿದೆ. ಎಕೋದಲ್ಲಿ ಹೃದಯದ ಪಂಪಿಂಗ್ ಶೇ. 28 ಎಂದೂ, ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಒಯ್ಯುವ ದಾರಿಯಲ್ಲಿ ತಡೆ) ಇದ್ದು ಕ್ಯೂಆರ್‌ಎಸ್ (ಆ ಸಂಕೇತ ಹೃತ್ಕುಕ್ಷಿಗಳಲ್ಲಿ ಹರಡಲು ಹಿಡಿಯುವ ಸಮಯ) 160 ಮಿಲಿಸೆಕೆಂಡ್ ಎಂದೂ ಬಂದಿದೆ. ಮಾತ್ರೆಗಳಿಂದ ಏದುಸಿರು ಕಡಿಮೆಯಾಗದ ಕಾರಣ ಹೃದಯದ ಎರಡೂ ಬದಿ ಒಟ್ಟಿಗೆ ಬಡಿಯುವಂತೆ ಮಾಡುವ, ಮೂರು ಲೀಡ್‌ಗಳ (ತಂತಿಗಳ) ಪೇಸ್‌ಮೇಕರ್, ಅಂದರೆ ಸಿಆರ್‌ಟಿ, ಹಾಕಿಸಲು ಹೇಳಿದ್ದಾರೆ. ಮೊದಲು ಸಿಟಿಯಲ್ಲಿ ಹೃದಯದ ಅಭಿಧಮನಿಗಳನ್ನು ನೋಡಿಕೊಳ್ಳೋಣ ಎಂದು ಒಬ್ಬ ವೈದ್ಯರೂ, ಲೀಡ್ ಹಾಕುವಾಗ ಕ್ಯಾಥ್‌ಲ್ಯಾಬಿನಲ್ಲಿ ಹೇಗೂ ಡೈ (ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಿಸುವಂತೆ ಮಾಡುವ ದ್ರವ) ಹಾಕಿ ನೋಡುವುದರಿಂದ ಅದು ಬೇಡವೆಂದು ಇನ್ನೊಬ್ಬರೂ ಹೇಳುತ್ತಾರೆ. ಡೈ ಮೂತ್ರಪಿಂಡಕ್ಕೆ ಹೊರೆಯಂತೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ 1.7 ಇರುವವರಿಗೆ ಎರಡೆರಡು ಸಲ ಅದನ್ನು ಕೊಡಿಸಬಹುದೇ? ಕಳೆದ ವರ್ಷದ ಆಂಜಿಯೋಗ್ರಾಮಿನ ಸಿಡಿ ನಮ್ಮಲ್ಲಿದೆ.

ಉತ್ತರ 1 (ಹೃದ್ರೋಗ ವೈದ್ಯ)

ಮೂರನೆಯ ಲೀಡ್ ಎಡ ಹೃತ್ಕುಕ್ಷಿಯ ಒಳಗೆ ಹೋಗುವುದಿಲ್ಲ. ಹೃದಯದ ಅಭಿಧಮನಿಗಳು ಬಂದು ಸೇರುವ, ಬಲ ಹೃತ್ಕರ್ಣದೊಳಗೆ ತೆರೆದುಕೊಳ್ಳುವ ಕೊರೋನರಿ ಸೈನಸ್ ಎಂಬ ದೊಡ್ಡ ನಾಳದ ಬಾಯಿಯ ಮೂಲಕ ರಕ್ತದ ಹರಿವಿಗೆ ಎದುರಾಗಿ ಸಾಗಿ, ಎಡಗೋಡೆಯ ಹೊರಮೈಯಲ್ಲಿರುವ ಒಂದು ಅಭಿಧಮನಿಯೊಳಗೆ ಅದು ಕೂರಬೇಕು. ಆ ಬಾಯಿಗೆ ಕೆಲವರಲ್ಲಿ ಥೆಬೀಸಿಯನ್ ಕವಾಟ ಎಂಬ ತೆಳು ಪೊರೆ ಅಡ್ಡವಾಗಿರುತ್ತದೆ. ಕೆಲವರಲ್ಲಿ ಬೇಕಾದ ಕವಲು ತೀರಾ ಸಣ್ಣದು ಅಥವಾ ಚೂಪಾಗಿ ತಿರುಗಿದ್ದು. ಹೃದಯಾಘಾತವಾದವರಲ್ಲಿ ಪಕ್ಕದ ಗೋಡೆಯ ಅಭಿಧಮನಿ ಕಾಣಿಸದೇ ಇರುವುದೂ ಉಂಟು, ಆದ್ದರಿಂದ ಸಿಟಿಯ ಸಲಹೆ ಕೊಟ್ಟವರದು ಅಕಾರಣವಾದ ಮಾತಲ್ಲ. ಆದರೂ ರೂಢಿಯ ಪದ್ಧತಿ ಎರಡನೆಯವರು ಹೇಳಿದ್ದೇ: ಬಲೂನಿನಿಂದ ಸೈನಸ್ಸನ್ನು ಕ್ಷಣಕಾಲ ಮುಚ್ಚಿ, ಡೈ ತುಂಬಿ, ಆ ಚಿತ್ರ ನೋಡಿಯೇ ಕವಲನ್ನು ಆರಿಸುತ್ತಾರೆ.

ಮೊದಲು ಆ ಸಿಡಿಯನ್ನು ಒಯ್ದು ತೋರಿಸಿ. ಎಡ ಅಪಧಮನಿಗೆ ಡೈ ಹಾಕಿದ ನಂತರವೂ ಕೆಲವು ಸೆಕೆಂಡು ಚಿತ್ರೀಕರಣ ಮುಂದುವರಿದಿದ್ದರೆ, ಡೈ ಅಭಿಧಮನಿಗಳ ಮೂಲಕ ಮರಳುವುದು ಅದರಲ್ಲೇ ದಾಖಲಾಗಿರುತ್ತದೆ.

ಉತ್ತರ 2 (ರೇಡಿಯಾಲಜಿ ವಿಭಾಗದಿಂದ)

ಸಿಟಿ ಮಾಡಿಸುವುದೇ ಆದರೆ ಕೋರಿಕೆ ಚೀಟಿಯಲ್ಲಿ ‘ಅಭಿಧಮನಿಗಳಿಗಾಗಿ’ ಎಂದು ಸ್ಪಷ್ಟವಾಗಿ ಬರೆಸಿ. ಸಾಮಾನ್ಯ ಕೊರೋನರಿ ಸಿಟಿಯನ್ನು ಅಪಧಮನಿಗಳು ತುಂಬುವ ಗಳಿಗೆಗೆ ಹೊಂದಿಸಿರುತ್ತಾರೆ. ಅಭಿಧಮನಿಗಳಿಗೆ ಅದಕ್ಕಿಂತ ತುಸು ತಡವಾಗಿ ಚಿತ್ರ ತೆಗೆಯದಿದ್ದರೆ ಅವು ಮಸುಕಾಗಿಯೇ ಉಳಿಯುತ್ತವೆ. ನಾಡಿ ಬಡಿತ ಏರುಪೇರಾಗಿದ್ದರೂ ಇದೇ ಕಷ್ಟ. ಕ್ರಿಯೇಟಿನಿನ್ ಒಂದನ್ನೇ ನೋಡದೆ ಇಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಸೋಸುವ ವೇಗದ ಅಂದಾಜು) ಲೆಕ್ಕ ಹಾಕಿಸಿ, ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ಎರಡು ಸಲದ ಡೈ ಅನಿವಾರ್ಯವಾದರೆ ನಡುವೆ ಕೆಲವು ದಿನ ಬಿಟ್ಟು, ಮೂತ್ರಪಿಂಡದ ಪರೀಕ್ಷೆಯನ್ನು ಮತ್ತೆ ಮಾಡಿಸುವುದು ಒಳಿತು.

ಉತ್ತರ 3 (ಕ್ಯಾಥ್‌ಲ್ಯಾಬ್ ತಂತ್ರಜ್ಞ)

ಸಿಟಿಯಲ್ಲಿ ಅಭಿಧಮನಿ ಚೆನ್ನಾಗಿ ಕಂಡ ಮಾತ್ರಕ್ಕೆ ಕೆಲಸ ಸಲೀಸು ಎನ್ನಲಾಗದು. ಲೀಡ್ ಸರಿಯಾಗಿ ಕೂತ ಮೇಲೂ ಪಕ್ಕದ ಫ್ರೆನಿಕ್ ನರ (ಉಸಿರಾಟದ ಸ್ನಾಯುವಾದ ವಪೆಯನ್ನು ಆಡಿಸುವ ನರ) ಪ್ರಚೋದನೆಗೊಂಡು, ಪ್ರತಿ ಬಡಿತಕ್ಕೂ ರೋಗಿಗೆ ಬಿಕ್ಕಳಿಕೆಯಂತೆ ಹೊಟ್ಟೆ ಅದುರುವುದನ್ನು ಟೇಬಲ್ಲಿನ ಮೇಲೆ ನೋಡುತ್ತೇವೆ. ಆಗ ಲೀಡನ್ನು ಸರಿಸುತ್ತಾರೆ, ಇಲ್ಲವೇ ನಾಲ್ಕು ಧ್ರುವಗಳ (ಸಂಕೇತ ಕೊಡುವ ನಾಲ್ಕು ಬಿಂದುಗಳಿರುವ) ಲೀಡಾದರೆ ಬೇರೆ ಧ್ರುವದಿಂದ ಪೇಸ್ ಮಾಡುತ್ತಾರೆ. ಲೀಡ್ ಕೂತ ಜಾಗದ ಹೃದಯದ ಸ್ನಾಯು ಗಾಯದ ಕಲೆಯಾಗಿದ್ದರೆ ಪ್ರಯೋಜನ ಕಡಿಮೆ, ಅದನ್ನು ತಿಳಿಯಲು ಎಂಆರ್‌ಐ ಮೇಲು. ನನ್ನ ಅಭಿಪ್ರಾಯದಲ್ಲಿ, ಹಿಂದೆ ಲೀಡ್ ಹಾಕುವ ಪ್ರಯತ್ನ ವಿಫಲವಾಗಿದ್ದರೆ ಅಥವಾ ಎಕೋದಲ್ಲಿ ಕೊರೋನರಿ ಸೈನಸ್ ವಿಪರೀತ ಹಿಗ್ಗಿ, ಎಡಭಾಗದಲ್ಲೂ ಒಂದು ಮೇಲ್ಮಹಾಸಿರೆ (ಮೇಲ್ದೇಹದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಅಭಿಧಮನಿ) ಇರಬಹುದೆಂಬ ಅನುಮಾನ ಬಂದಿದ್ದರೆ ಸಿಟಿಗೆ ಬೆಲೆ ಹೆಚ್ಚು. ಅಭಿಧಮನಿ ಸಿಗದೇ ಹೋದರೆ ಎಡ ಬಂಡಲ್ ಪ್ರದೇಶಕ್ಕೇ ಲೀಡ್ ಹಾಕುವ ಅನುಭವ ನಿಮ್ಮ ವೈದ್ಯರಿಗೆ ಇದೆಯೇ ಎಂದು ಈಗಲೇ ಕೇಳಿ. ಅದೂ ಆಗದಿದ್ದರೆ, ಎದೆಯ ಪಕ್ಕ ತೆರೆದು ಹೃದಯದ ಹೊರಮೈಗೆ ಲೀಡ್ ಹೊಲಿಯುವ ಶಸ್ತ್ರಚಿಕಿತ್ಸೆ ಉಳಿಯುತ್ತದೆ.