ಪದ ಬೇಕು: 911 ಡಿಸ್ಪ್ಯಾಚರ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಶುಕ್ರವಾರದೊಳಗೆ ಒಂದು ಪದ ಬೇಕಿದೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಏಪ್ರಿಲ್ ತಿಂಗಳ ಎರಡನೇ ಪೂರ್ತಿ ವಾರ ಡಿಸ್ಪ್ಯಾಚರ್‌ಗಳಿಗೆಂದೇ ಮೀಸಲು, ಅಂದರೆ ಇಲ್ಲಿನ ತುರ್ತು ನಂಬರ್ 911ಕ್ಕೆ ಬರುವ ಕರೆ ತೆಗೆದುಕೊಂಡು ಸಹಾಯ ಕಳಿಸುವವರಿಗೆ. 1981ರಲ್ಲಿ ಪಕ್ಕದ ಕಾಂಟ್ರಾ ಕೋಸ್ಟಾ ಕೌಂಟಿಯ ಶೆರಿಫ್ ಕಚೇರಿಯಲ್ಲಿ ಶುರುವಾಗಿ, ಆಮೇಲೆ ದೇಶಕ್ಕೆಲ್ಲ ಹಬ್ಬಿತು. ಈ ಸಲ ನಮ್ಮ ಕನ್ನಡ ಕೂಟದವರು ಊರಿನ ಕೇಂದ್ರಕ್ಕೆ ಒಂದು ಫಲಕ ಕೊಡುತ್ತಿದ್ದೇವೆ. ಮೇಲೆ ಇಂಗ್ಲಿಷ್, ಕೆಳಗೆ ಒಂದೇ ಸಾಲು ಕನ್ನಡ. ನನಗೆ ತೋಚಿದ್ದು ‘ರವಾನೆದಾರ’, ‘ಪ್ರೇಷಕ’. ಎರಡೂ ಮನಸ್ಸಿಗೆ ಹಿಡಿಸಲಿಲ್ಲ.

ಹೋದ ವರ್ಷ ನಮ್ಮ ಅಪ್ಪ ಊಟ ಮಾಡುತ್ತಾ ಕುಸಿದುಬಿದ್ದರು. ಫೋನಿನಲ್ಲಿ ನಾನು ಬರೀ ಕಿರುಚುತ್ತಿದ್ದೆ. ಆ ಕಡೆಯ ಹೆಣ್ಣುಮಗಳು ವಿಳಾಸ ಕೇಳಿದಳು, ಉಸಿರಾಡುತ್ತಿದ್ದಾರಾ ಅಂತ ಕೇಳಿದಳು. ಆಮೇಲೆ ಎದೆ ಹೇಗೆ ಒತ್ತಬೇಕು ಅಂತ ಹೇಳಿ, ಒಂದು, ಎರಡು, ಮೂರು, ನಾಲ್ಕು ಎಂದು ನನ್ನ ಜೊತೆ ಎಣಿಸುತ್ತಲೇ ಇದ್ದಳು. ಆಂಬುಲೆನ್ಸ್‌ನವರು ಒಳಗೆ ಬಂದ ಮೇಲೆಯೇ ಫೋನ್ ಇಟ್ಟಿದ್ದು. ಅವಳ ಹೆಸರು ಇವತ್ತಿಗೂ ಗೊತ್ತಿಲ್ಲ. ಅಪ್ಪ ಈಗ ದಿನಾ ವಾಕಿಂಗ್ ಹೋಗುತ್ತಾರೆ. ಸುಮ್ನೆ ಯಾವುದೋ ಒಂದು ಪದ ಹಾಕಿ ಕೈತೊಳೆದುಕೊಳ್ಳಲು ನನಗೆ ಆಗುವುದಿಲ್ಲ.

ಮರು:
‘ಪ್ರೇಷಕ’ ಬೇಡವೇ ಬೇಡ. ‘ರವಾನೆ’, ‘ದಾರ’ ಎರಡೂ ಫಾರಸಿ. ಹಳಗನ್ನಡದಲ್ಲಿ ಕಳಿಸುವುದಕ್ಕೆ ‘ಅಟ್ಟು’ ಎನ್ನುತ್ತಿದ್ದರು. ಓದುಗ, ಕೇಳುಗ ಇದ್ದ ಹಾಗೆ ‘ಅಟ್ಟುಗ’. ಅದಕ್ಕೆ ‘ತುರ್ತು’ ಅಂತ ಸೇರಿಸಬೇಡಿ, ಅದು ‘ತ್ವರಿತ’ದ ಕಡೆಯದು. ಕನ್ನಡದ ಬೇರಿನಿಂದಲೇ ಪದ ಕಟ್ಟಲು ಬರುವಾಗ ಸಾಲ ಯಾಕೆ?

ಮರು:
ನಮ್ಮೂರಲ್ಲಿ ಅಟ್ಟುವುದು ತೋಟಕ್ಕೆ ನುಗ್ಗಿದ ದನವನ್ನು. ಸಾವಿರ ವರ್ಷದ ಹಿಂದಿನ ಅರ್ಥವನ್ನು ಇವತ್ತಿನ ಫಲಕದ ಮೇಲೆ ಹೇರಬೇಡಿ. ತುರ್ತು ಸಾಲದ ಮಾತು ಅಂದರೆ ಅರ್ಜಿ, ರಸ್ತೆ, ಕುರ್ಚಿ ಎಲ್ಲವನ್ನೂ ವಾಪಸ್ ಕೊಡಬೇಕಾಗುತ್ತದೆ. ‘ಡಿಸ್ಪ್ಯಾಚರ್’ ಅಂತಲೇ ಬರೆಯಿರಿ. ನಮ್ಮಲ್ಲಿ 2008ರಲ್ಲಿ 108 ಬಂದಾಗ ಆಂಬುಲೆನ್ಸ್ ಓಡಿಸುವವರನ್ನು ‘ಪೈಲಟ್’ ಅಂದರು. ಯಾರಿಗೂ ತೊಂದರೆ ಆಗಲಿಲ್ಲ.

ಮರು:
ಇಬ್ಬರೂ ‘ಕಳಿಸುವುದು’ ಅನ್ನುವುದಕ್ಕೇ ಜೋತುಬಿದ್ದಿದ್ದೀರಿ. ಆ ಹೆಣ್ಣುಮಗಳು ಗಾಡಿ ಕಳಿಸಿದ್ದು ಅವಳ ಕೆಲಸದಲ್ಲಿ ಒಂದು ಪಾಲು ಅಷ್ಟೇ. ಮಿಕ್ಕಿದ್ದು ಕೇಳಿಸಿಕೊಂಡದ್ದು, ಧೈರ್ಯ ಹೇಳಿದ್ದು, ಎಣಿಸಿದ್ದು.

ನಾನು ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನು. ‘ಡಿಸ್ಪ್ಯಾಚ್’ ಅಂದ ತಕ್ಷಣ ನನ್ನ ಕಣ್ಣಿಗೆ ಬರುವುದು ಟಪಾಲಿನ ವಹಿ, ಅಂಟಿನ ಡಬ್ಬಿ. ‘ರವಾನೆದಾರ’ ಅಂದರೂ ಅದೇ. ಅಮೆರಿಕದಲ್ಲೂ ಇದೇ ಪೆಟ್ಟು ಬಿದ್ದಿದೆ. ಅಲ್ಲಿನ ಸರ್ಕಾರ 2018ರಲ್ಲಿ ತಂದ ಉದ್ಯೋಗಗಳ ಪಟ್ಟಿ ನೋಡಿ. ಪೊಲೀಸರು, ಬೆಂಕಿ ಆರಿಸುವವರು ರಕ್ಷಣೆಯ ಗುಂಪಿನಲ್ಲಿದ್ದಾರೆ. ಡಿಸ್ಪ್ಯಾಚರ್‌ಗಳನ್ನು ಇಟ್ಟದ್ದು ಕಚೇರಿ ಸಹಾಯಕರ ಗುಂಪಿನಲ್ಲಿ, ಗುಮಾಸ್ತರ ಜೊತೆ. ಅದನ್ನು ಬದಲಿಸಿ ಅಂತ ಅವರು ವರ್ಷಗಟ್ಟಲೆ ಕೇಳಿಕೊಂಡಿದ್ದಾರೆ. ಹೆಸರು ತಪ್ಪಾದರೆ ಗೌರವವೂ ತಪ್ಪುತ್ತದೆ, ಅಲ್ವಾ? ನಮ್ಮಲ್ಲೂ ‘108 ಬಂತು’ ಅನ್ನುತ್ತೇವೆ. ಬಂದ ಗಾಡಿಗೆ ಹೆಸರುಂಟು, ಓಡಿಸುವವರಿಗೆ ಹೆಸರುಂಟು. ಫೋನ್ ಎತ್ತಿದವರಿಗೆ ಜನರ ಬಾಯಲ್ಲಿ ಒಂದು ಹೆಸರೂ ಇಲ್ಲ.

ನನ್ನ ಸಲಹೆ ‘ಓಗೊಡು’. ಯಾರಾದರೂ ಕೂಗಿದರೆ ನಾವು ‘ಓ’ ಅನ್ನುತ್ತೇವಲ್ಲ, ಆ ಓ. ತುರ್ತು ಕರೆಗೆ ಓಗೊಡುವವರು.

ಮರು:
ಅದು ನಾಯಕರ ಕರೆಗೆ ಓಗೊಟ್ಟು ಬಂದ್ ಮಾಡುವ ಪತ್ರಿಕೆಯ ಭಾಷೆ. ಬೇಕೇ ಬೇಕಾದರೆ ‘ಓಗೊಡುಗ’ ಅನ್ನಿ. ವಾಕ್ಯವನ್ನೇ ಪದ ಅನ್ನಬೇಡಿ.

ಮರು:
‘ಓಗೊಡುಗ’ ನಾಲಿಗೆ ಮೇಲೆ ನಿಲ್ಲುವುದಿಲ್ಲ. ಪತ್ರಿಕೆಯವರು ಬಳಸಿದರೆ ಪದ ಅವರದಾಯಿತೇ? ಅಮ್ಮ ಕೂಗಿದಾಗ ಹಿತ್ತಿಲಿಂದ ‘ಓ’ ಅಂದ ಮಗು ಯಾವ ಪತ್ರಿಕೆ ಓದಿತ್ತು?

ಮರು:
ಕೇಳಿದವಳು ನಾನೇ. ಎಲ್ಲರಿಗೂ ಧನ್ಯವಾದ. ‘ಗ’ ಸೇರಿಸಿದರೆ ಹೊಸ ಪದ ಸಿಗುತ್ತದೆ, ನಿಜ. ಆದರೆ ಫಲಕದ ಕೆಳಗೆ ನಿಂತು ವಿವರಿಸಲು ನಾನಲ್ಲಿ ಇರುವುದಿಲ್ಲ. ‘ಓಗೊಡುವವರು’ ಅಂದರೆ ಕೂಟದ ಮಕ್ಕಳಿಗೂ ತಿಳಿಯುತ್ತದೆ. ಈ ಕೇಂದ್ರದಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ‘ದಾರ’, ‘ಗಾರ’ ಹಾಕಿದ್ದರೆ ಗಂಡಸರ ಹೆಸರಾಗುತ್ತಿತ್ತು, ಈ ಪದಕ್ಕೆ ಆ ತೊಡಕೂ ಇಲ್ಲ. ‘ತುರ್ತು’ ಉಳಿಸಿಕೊಳ್ಳುತ್ತೇನೆ. ಎಲ್ಲಿಂದ ಬಂದಿದ್ದರೂ ಈಗ ಅದು ನಮ್ಮದೇ.

ಸಾಲು ಹೀಗಿದೆ: ‘ತುರ್ತು ಕರೆಗೆ ಹಗಲಿರುಳೂ ಓಗೊಡುವವರಿಗೆ, ಪ್ರೀತಿಯಿಂದ.’

ಕೆತ್ತುವವರಿಗೆ ಕನ್ನಡ ಬಾರದು. ಕಳಿಸಿದ್ದನ್ನು ಹಾಗೇ ಕೆತ್ತುತ್ತಾರೆ. ‘ಗೊ’ ಹ್ರಸ್ವ ತಾನೆ?

ಮರು:
ಹ್ರಸ್ವ. ಓ, ಕೊಡು. ‘ಓ’ ಮಾತ್ರ ದೀರ್ಘ.